ಸ್ತನ ಕ್ಯಾನ್ಸರ್: ತೋಟದ ಲೈನಿಗೇ ತಪಾಸಣೆ ಬರಲಿ

ಬಾಬಾಬುಡನ್‌ಗಿರಿಯ ದಾರಿಯಲ್ಲಿ ಸಿಗುವ ಅತ್ತಿಗುಂಡಿಯ ಸುತ್ತಮುತ್ತ ಅರೇಬಿಕಾ ಕಾಫಿ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿದ್ದರೂ ಗಿಡ ಮೊದಮೊದಲು ಹಸಿರಾಗಿಯೇ ನಿಂತಿರುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದಕ್ಕಾಗಿಯೇ ದುಂಬಿ ಹೊರಬರುವ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಹಿಡಿದು ಒಂದೊಂದೇ ಗಿಡ ನೋಡುತ್ತಾರೆ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಅದು ಕೊರಕ ಹಿಡಿದ ಗಿಡ. ರೋಗ ತಾನಾಗಿ ಕಾಣಿಸಿಕೊಳ್ಳುವವರೆಗೆ ಕಾಯಬಾರದು ಎಂಬ ಈ ತಿಳಿವಳಿಕೆ ಕಾಫಿ ಸೀಮೆಗೆ ಹೊಸದಲ್ಲ. ಅದೇ ತೋಟದಲ್ಲಿ ಕಳೆ ತೆಗೆದು, ಹಣ್ಣು ಕೊಯ್ಯುವ ಹೆಣ್ಣುಮಕ್ಕಳ ಸ್ತನ ಕ್ಯಾನ್ಸರ್ ವಿಷಯದಲ್ಲೂ ಅದು ಕಟ್ಟುನಿಟ್ಟಾಗಿ ಜಾರಿಗೆ ಬರಬೇಕು.

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಇದೇ. ಜಾಗತಿಕ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳಿದ್ದವು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ವಯಸ್ಸು, ಬೇಗ ಋತುಮತಿಯಾಗುವುದು, ಮುಟ್ಟು ತಡವಾಗಿ ನಿಲ್ಲುವುದು, ಮೊದಲ ಹೆರಿಗೆ ತಡವಾಗುವುದು, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯಪಾನ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ವಂಶವಾಹಿಯಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಎದೆಹಾಲೂಡಿಸುವುದು ರಕ್ಷಣೆ ಕೊಡುತ್ತದೆ: 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ 4.3ರಷ್ಟು ತಗ್ಗುತ್ತದೆ. ದಿನವಿಡೀ ಗುಡ್ಡ ಹತ್ತಿಳಿದು ದುಡಿಯುವ, ಮಕ್ಕಳಿಗೆ ವರ್ಷಗಟ್ಟಲೆ ಹಾಲೂಡಿಸುವ ತೋಟದ ಹೆಂಗಸಿಗೆ ಈ ಲೆಕ್ಕ ಅನುಕೂಲಕರವಾಗಿಯೇ ಕಾಣುತ್ತದೆ. ಹಾಗಾದರೆ ಹಳ್ಳಿಗಳಲ್ಲಿ ಈ ರೋಗ ಕಡಿಮೆಯಲ್ಲವೇ, ಬೆಂಗಳೂರಿನ ಕಾಯಿಲೆಗೆ ಇಲ್ಲೇಕೆ ಆತಂಕ ಎಂದು ಕೇಳುವವರಿದ್ದಾರೆ.

ರೋಗ ಬರುವ ಅಪಾಯ ಬೇರೆ, ಬಂದ ರೋಗದಿಂದ ಸಾಯುವ ಅಪಾಯ ಬೇರೆ ಎಂಬುದೇ ಇದಕ್ಕೆ ಉತ್ತರ. ಹೆಣ್ಣಾಗಿರುವುದು ಮತ್ತು 40 ದಾಟಿರುವುದನ್ನು ಬಿಟ್ಟರೆ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಬೇರಾವ ಅಪಾಯಕಾರಿ ಅಂಶವೂ ಕಾಣುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪತ್ತೆಯಾದ ಐದು ವರ್ಷದ ಬಳಿಕವೂ ಬದುಕಿರುವವರು ಶ್ರೀಮಂತ ದೇಶಗಳಲ್ಲಿ ಶೇ 90ಕ್ಕೂ ಹೆಚ್ಚು, ಭಾರತದಲ್ಲಿ ಶೇ 66. ಈ ಅಂತರ ಬಹುಮಟ್ಟಿಗೆ ತಡವಾಗಿ ಪತ್ತೆಯಾಗುವುದರಿಂದ, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದರಿಂದ ಹುಟ್ಟಿದ್ದು. ಮೊದಲ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಮೋಸ ಇರುವುದೇ ಅಲ್ಲಿ. ನೋವಿಲ್ಲದ ಗಂಟಿಗಾಗಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಬಸ್ಸು ಹತ್ತುವುದು ಸುಲಭದ ಮಾತಲ್ಲ. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎನ್ನುತ್ತಿರುವಾಗಲೇ ಚರ್ಮ ಕಿತ್ತಳೆ ಸಿಪ್ಪೆಯಂತಾಗಿ, ತೊಟ್ಟು ಒಳಸೇರಿ, ಕಂಕುಳಲ್ಲೂ ಗಂಟು ಮೂಡಿರುತ್ತದೆ.

ಪತ್ತೆ ಮಾಡುವ ಬಗೆ ಯಾವುದು? ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಕಲಿಸಿದರೆ ಸಾಕು ಎಂಬುದು ಒಂದು ವಾದ. ದೇಹದ ಬದಲಾವಣೆ ಗಮನಿಸುವುದು ಒಳ್ಳೆಯದೇ. ಆದರೆ ಶಾಂಘೈನ ಜವಳಿ ಗಿರಣಿಗಳ 2.66 ಲಕ್ಷ ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ. ಮ್ಯಾಮೊಗ್ರಾಂ ಬರಲಿ ಎಂಬುದು ಇನ್ನೊಂದು ವಾದ. ಯಂತ್ರವನ್ನು ಬೆಟ್ಟ ಹತ್ತಿಸಬಹುದು, ಚಿತ್ರ ಓದುವ ತಜ್ಞರನ್ನು ನಿಯಮಿತವಾಗಿ ಒದಗಿಸುವುದು ಕಷ್ಟ. ಇವೆರಡರ ನಡುವಿನ ದಾರಿಯನ್ನು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ತೋರಿಸಿದೆ. 1998ರಲ್ಲಿ ಆರಂಭವಾದ ಪ್ರಯೋಗದಲ್ಲಿ 1.51 ಲಕ್ಷ ಮಹಿಳೆಯರಿದ್ದರು. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ಮತ್ತು ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಈ ಗುಂಪಿನಲ್ಲಿ ಶೇ 37, ಇನ್ನೊಂದರಲ್ಲಿ ಶೇ 47. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವಿನ ಇಳಿಕೆ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ, ನಿಜ. 50 ದಾಟಿದವರಲ್ಲಿ ಮಾತ್ರ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಬೆರಳಿನ ತರಬೇತಿಯಷ್ಟರಿಂದಲೇ ದೊರೆತ ಈ ಫಲ ಚಿಕ್ಕದಲ್ಲ.

ಪತ್ತೆ ಮಾಡಿ ಕೈಬಿಟ್ಟರೆ ಭಯವಷ್ಟೇ ಉಳಿಯುತ್ತದೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು, ಅದರಲ್ಲಿ ಹುರುಳಿದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅಲ್ಲವೆಂಬುದು ಬೇಗ ಖಚಿತವಾದರೆ ಗಂಟು ಕಂಡ ಹೆಂಗಸು ನೆಮ್ಮದಿಯಾಗಿ ಮನೆಗೆ ಮರಳುತ್ತಾಳೆ. ಕ್ಯಾನ್ಸರೇ ಆಗಿದ್ದರೆ, ಮೊದಲ ಭೇಟಿಯಿಂದ 60 ದಿನದೊಳಗೆ ರೋಗನಿರ್ಣಯ ಆಗಬೇಕು, ಶೇ 80 ಮಂದಿ ಪೂರ್ಣ ಚಿಕಿತ್ಸೆ ಪಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಸೂಜಿ ಪರೀಕ್ಷೆ ಚಿಕ್ಕಮಗಳೂರಿನಲ್ಲೇ ಮುಗಿದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗೆ ದಿನಾಂಕ ಗೊತ್ತಾದ ಚೀಟಿಯೊಂದಿಗೆ ಆಕೆ ಹೊರಡುವಂತಾಗಬೇಕು. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಆರೋಗ್ಯ ಕರ್ನಾಟಕ ಕಾರ್ಡು ಭರಿಸಬಹುದು. ಆದರೆ ಬಸ್ ಚಾರ್ಜು, ಜೊತೆಗೆ ಹೋದವರ ಕೂಲಿ, ಅಲ್ಲಿ ತಂಗುವ ಖರ್ಚು ಸೇರಿದಾಗಲೇ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು.

ತೋಟದಲ್ಲಿ ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆ ಎಂಬ ತತ್ವ 1951ರ ತೋಟ ಕಾರ್ಮಿಕರ ಕಾಯ್ದೆಯಷ್ಟು ಹಳೆಯದು. ಆದರೆ ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು, ಅವರ ಮೇಲೆ ಎಲ್ಲವನ್ನೂ ಹೊರಿಸಲಾಗದು. 30 ದಾಟಿದವರ ಸ್ತನ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿ ಈಗಾಗಲೇ ಇದೆ. ಆದರೂ 30ರಿಂದ 49ರ ವಯಸ್ಸಿನಲ್ಲಿ ಒಮ್ಮೆಯಾದರೂ ಪರೀಕ್ಷೆಗೊಳಗಾದ ಭಾರತೀಯ ಮಹಿಳೆಯರು ನೂರಕ್ಕೆ ಒಬ್ಬರೂ ಇರಲಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತ್ತು. ತಪಾಸಣೆ ತೋಟದ ಕ್ಯಾಲೆಂಡರಿಗೆ ಹೊಂದಿಕೊಳ್ಳಬೇಕು. ಕೊಯ್ಲಿಗೆ ಮುಂಚೆ ಒಂದು ದಿನ ಆರೋಗ್ಯ ಸಿಬ್ಬಂದಿ ಕಾರ್ಮಿಕರು ವಾಸಿಸುವ ಲೈನಿಗೇ ಬರಲಿ, ಮರೆ ಇರುವ ಕೋಣೆಯಲ್ಲಿ ಹೆಣ್ಣುಮಕ್ಕಳೇ ಪರೀಕ್ಷಿಸಲಿ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರೂ ಪಟ್ಟಿಯಲ್ಲಿರಲಿ. ಆ ದಿನದ ಹಾಜರಿಯನ್ನು ತೋಟದ ಲೆಕ್ಕ ಬರೆಯುವ ರೈಟರು ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಪೂರ್ತಿ ಬರೆಯಲಿ. ಒಂದು ದಿನದ ಕೂಲಿ ಕೈತಪ್ಪುವುದಿಲ್ಲ ಎಂಬ ಭರವಸೆ ಸಿಕ್ಕರೆ, ಬಚ್ಚಿಟ್ಟ ಗಂಟನ್ನು ತೋರಿಸಲು ಆಕೆ ಕೊಯ್ಲು ಮುಗಿಯುವವರೆಗೆ ಕಾಯಬೇಕಾಗುವುದಿಲ್ಲ.