ಎಂಟು ನಿಮಿಷದ ಆಟ: ವಿಮರ್ಶಕರಿಗೆ ನಮ್ಮ ಉತ್ತರ

‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಮೊಬೈಲ್ ಆಟ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ ಆಗಿದೆ. ಈ ಆಟಕ್ಕೆ ಹೊಸದಾಗಿ ಸೇರಿಸಿದ ಚಿಕ್ಕ ರಣಭೂಮಿಗಳನ್ನು ಕುರಿತು ವಿಮರ್ಶಕರೊಬ್ಬರು ಬರೆದ ಲೇಖನವನ್ನು ದಿಲ್‌ಸುಖ್‌ನಗರದ ನಮ್ಮ ಹೋಟೆಲು ಗೆಳೆಯರು ಓದಿ, ಇದಕ್ಕೆ ಸಂಘದ ಪತ್ರಿಕೆಯಲ್ಲಿ ಉತ್ತರ ಬರಲೇಬೇಕೆಂದು ಒತ್ತಾಯಿಸಿದ್ದಾರೆ. ಕೂಲಿ, ರಜೆ, ಬೋನಸ್ಸುಗಳ ಮಾತು ಮುಗಿದು ಹೋಯಿತೇ, ಆಟದ ಮಾತಿಗೆ ಇಲ್ಲಿ ಸ್ಥಳವುಂಟೇ ಎಂದು ಹಿರಿಯರು ಕೇಳಬಹುದು. ಕೆಲಸಗಾರನ ಬಿಡುವಿನ ವೇಳೆಯೂ ಸಂಘಕ್ಕೆ ಸಂಬಂಧಪಟ್ಟ ವಿಷಯವೆಂದು ನಾವು ತಿಳಿದಿದ್ದೇವೆ. ಆದಕಾರಣ ಈ ನಾಲ್ಕು ಮಾತು.

ಆಟವನ್ನು ಅರಿಯದ ಬಂಧುಗಳಿಗಾಗಿ ಮೊದಲು ವಿಷಯವನ್ನು ಹೇಳುತ್ತೇವೆ. ಇದರ ಮೂಲ ರಣಭೂಮಿಗೆ ಎರಾಂಗೆಲ್ ಎಂದು ಹೆಸರು. ಅದು 8 ಕಿಲೋಮೀಟರು ಉದ್ದ, 8 ಕಿಲೋಮೀಟರು ಅಗಲದ ಒಂದು ಕಲ್ಪಿತ ದ್ವೀಪ. 100 ಮಂದಿ ಅಲ್ಲಿ ಇಳಿಯುತ್ತಾರೆ. ಕೊನೆಗೆ ಉಳಿದವನು, ಅಥವಾ ಉಳಿದ ತಂಡ, ಗೆದ್ದಂತೆ. ಒಂದು ಆಟ ಮುಗಿಯಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. 2020ರ ಜುಲೈ ತಿಂಗಳಲ್ಲಿ ಲಿವಿಕ್ ಎಂಬ ಚಿಕ್ಕ ದ್ವೀಪ ಬಂದಿತು. ಅದು 2 ಕಿಲೋಮೀಟರಿನದು, ಆಡುವವರು 52 ಮಂದಿ, ವೇಳೆ ಸುಮಾರು 15 ನಿಮಿಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಪಬ್‌ಜಿ ಮೊಬೈಲ್’ ಎಂಬ ಹೆಸರಿನಲ್ಲಿದ್ದ ಈ ಆಟವನ್ನು ಭಾರತ ಸರಕಾರ ನಿಷೇಧಿಸಿತು. 2021ರ ಜುಲೈಯಲ್ಲಿ ದಕ್ಷಿಣ ಕೊರಿಯದ ಕ್ರಾಫ್ಟನ್ ಕಂಪನಿ ಇದನ್ನು ಇಂದಿನ ಹೆಸರಿನಿಂದ ತಂದಿತು. 2022ರ ಜುಲೈಯಲ್ಲಿ ಮತ್ತೆ ಅಡ್ಡಿ ಬಂದಿತು. 2023ರ ಮೇ ತಿಂಗಳಲ್ಲಿ ಆಟ ಮರಳಿತು. ಮರಳುವಾಗ ನೂಸಾ ಎಂಬ ಇನ್ನೂ ಚಿಕ್ಕ ದ್ವೀಪವನ್ನು ಜೊತೆಗೆ ತಂದಿತು. ಅದು ಒಂದೇ ಕಿಲೋಮೀಟರಿನದು. ಆಡುವವರು 32 ಮಂದಿ, ವೇಳೆ ಸುಮಾರು ಎಂಟು ನಿಮಿಷ.

ವಿಮರ್ಶಕರ ಆಕ್ಷೇಪಣೆ ಇರುವುದು ಈ ಚಿಕ್ಕ ದ್ವೀಪಗಳ ಮೇಲೆ. ಎಂಟು ನಿಮಿಷದಲ್ಲಿ ಹೊಂಚು ಹಾಕಲು, ಯೋಚಿಸಲು ಆಸ್ಪದವಿಲ್ಲ, ಅದೃಷ್ಟವಿದ್ದವನು ಗೆಲ್ಲುತ್ತಾನೆ ಎಂಬುದು ಒಂದು. ವರ್ಷಗಟ್ಟಲೆ ದೊಡ್ಡ ದ್ವೀಪದಲ್ಲಿ ಪಳಗಿದವರನ್ನು ಕಡೆಗಣಿಸಿ, ತಾಳ್ಮೆಯಿಲ್ಲದವರ ಸಲುವಾಗಿ ಆಟವನ್ನು ಕೆಡಿಸಿದ್ದಾರೆ ಎಂಬುದು ಎರಡು. ಚಿಕ್ಕ ಆಟ ‘ಇನ್ನೊಂದು, ಇನ್ನೊಂದು’ ಎಂದು ಚಟ ಹತ್ತಿಸುತ್ತದೆ ಎಂಬುದು ಮೂರು. ಮೊದಲನೆಯ ಮಾತಿನಲ್ಲಿ ಸ್ವಲ್ಪ ಸತ್ಯಾಂಶವಿದೆ. ಇಳಿದ ಕೂಡಲೇ ಕೈಗೆ ಒಳ್ಳೆಯ ಬಂದೂಕು ಸಿಕ್ಕವನಿಗೆ ಚಿಕ್ಕ ದ್ವೀಪದಲ್ಲಿ ಅನುಕೂಲ ಹೆಚ್ಚು. ಆದರೆ ಎರಡನೆಯದನ್ನು ನಾವು ಸುತರಾಂ ಒಪ್ಪಲಾರೆವು.

ತಾಳ್ಮೆಯಿಲ್ಲದವರು ಎಂದು ಅವರು ಕರೆದದ್ದು ಯಾರನ್ನು? ನಮ್ಮ ಹೋಟೆಲುಗಳ ದಿನಚರಿಯನ್ನು ಅವರು ಒಮ್ಮೆ ನೋಡಲಿ. ಬೆಳಗಿನ ಜಾವ ಇಡ್ಲಿ ಒಲೆ ಹತ್ತಿತೆಂದರೆ ತಿಂಡಿಯ ಗಲಾಟೆ ಮುಗಿಯುವುದು ಹನ್ನೊಂದಕ್ಕೆ. ಆ ಮೇಲೆ ಊಟ. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಹುಡುಗರು ಕ್ಲಾಸು ಬಿಟ್ಟು ಒಟ್ಟಿಗೆ ಬರುವಾಗ ಸಪ್ಲೈಯರಿಗೆ ನೀರು ಕುಡಿಯಲು ಬಿಡುವಿರುವುದಿಲ್ಲ. ಮೂರೂವರೆಗೆ ಕ್ಲೀನರು ಬಟ್ಟೆ ಹಿಂಡಿ ಹಾಕಿ ಗೋಡೆಗೆ ಒರಗಿದರೆ ನಾಲ್ಕೂವರೆಗೆ ಸಂಜೆಯ ಕಾಫಿ ಶುರು. ಆ ಒಂದು ಗಂಟೆಯಲ್ಲಿಯೇ ಅವನು ಉಣ್ಣಬೇಕು, ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು. ಉಳಿದ ಹತ್ತು ನಿಮಿಷ ಅವನದು. ಗಿರಣಿಯ ಬಂಧುಗಳಿಗೆ ಪಾಳಿಯ ನಡುವಿನ ಬಿಡುವು ಎಷ್ಟೆಂಬುದನ್ನು ನಾವು ಹೇಳಬೇಕಾಗಿಲ್ಲ. ಹನ್ನೆರಡು ಗಂಟೆ ಕಾಲ ಮೇಲೆ ನಿಂತವನಿಗೆ ತಾಳ್ಮೆಯಿಲ್ಲವೆಂದು ಹೇಳುವುದು ನ್ಯಾಯವಲ್ಲ. ಅವನಿಗೆ ಇಲ್ಲದ್ದು ವೇಳೆ.

2023ರಲ್ಲಿ ಆಟ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂದು ಮಿತಿ ಹಾಕಿದ್ದರು. ಈ ಸುದ್ದಿ ಕೇಳಿ ನಮ್ಮ ಕೋಣೆಗಳಲ್ಲಿ ಎಲ್ಲರೂ ನಕ್ಕರು. ಆರು ಗಂಟೆ ಆಡುವಷ್ಟು ಬಿಡುವುಳ್ಳವರು ನಮ್ಮಲ್ಲಿ ಯಾರಿದ್ದಾರೆ?

ನಮ್ಮ ಕರಾವಳಿಯಲ್ಲಿ ಬರೇ ‘ಆಟ’ ಎಂದರೆ ಯಕ್ಷಗಾನ. ಹಿಂದೆ ಆಟವೆಂದರೆ ರಾತ್ರಿ ಇಡೀ, ಬೆಳಗಾಗುವವರೆಗೆ. ಕಾಲಮಿತಿಯ ಆಟಗಳು ಬಂದಾಗ, ಪ್ರಸಂಗ ಕತ್ತರಿಸಿದರು, ಕಲೆ ಹಾಳಾಯಿತು ಎಂದು ಹಲವರು ಕೊರಗಿದರು. ಅವರ ಕೊರಗಿನಲ್ಲಿ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮರುದಿನ ಮುಂಜಾನೆ ಕೆಲಸಕ್ಕೆ ಹೋಗಬೇಕಾದವನು ಮಂಗಳ ಹಾಡುವ ತನಕ ಕುಳಿತು ನೋಡುವಂತಾದದ್ದು ಕಾಲಮಿತಿಯಿಂದಲೇ. ಕ್ರಿಕೆಟ್ಟಿನ ಕಥೆಯೂ ಹಾಗೆಯೇ. 2003ರಲ್ಲಿ ಇಂಗ್ಲೆಂಡಿನಲ್ಲಿ 20 ಓವರುಗಳ ಪಂದ್ಯ ಆರಂಭಿಸಿದಾಗ, ಕೆಲಸ ಬಿಟ್ಟ ಮೇಲೆ ಸಂಜೆ ಬಂದು ನೋಡುವವರು ಅವರ ದೃಷ್ಟಿಯಲ್ಲಿದ್ದರು. ಇದು ಕ್ರಿಕೆಟ್ಟೇ ಅಲ್ಲವೆಂದು ಪಂಡಿತರು ಮೂಗು ಮುರಿದರು. 2007ರಲ್ಲಿ ಅದರ ಮೊದಲ ವಿಶ್ವಕಪ್ಪನ್ನು ನಮ್ಮ ದೇಶವೇ ಗೆದ್ದಿತು. ಐದು ದಿನದ ಟೆಸ್ಟು ಅದರಿಂದ ಸಾಯಲಿಲ್ಲ. ಲಿವಿಕ್, ನೂಸಾ ಬಂದವೆಂದು ಎರಾಂಗೆಲನ್ನೂ ಯಾರೂ ಕಿತ್ತುಹಾಕಲಿಲ್ಲ. ಅರ್ಧ ಗಂಟೆಯ ಬಿಡುವಿದ್ದವರು ಅಲ್ಲಿಗೇ ಹೋಗಿ ಆಡಬಹುದು.

ಇನ್ನು ಚಟದ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಂಟು ನಿಮಿಷವು ಎಂಬತ್ತಾದ ರಾತ್ರಿಗಳೂ ಉಂಟು, ಮರುದಿನ ದೋಸೆ ಕಲ್ಲಿನ ಮುಂದೆ ತೂಕಡಿಸಿದವರೂ ಉಂಟು. ಆದರೆ ಅರ್ಧ ಗಂಟೆಯ ಆಟದ ತೊಂದರೆಯನ್ನು ವಿಮರ್ಶಕರು ಕಂಡಿಲ್ಲ. ನಾಲ್ವರು ಜೊತೆಯಾಗಿ ಆಡುವಾಗ ಒಬ್ಬ ನಡುವೆ ಎದ್ದುಹೋದರೆ ಉಳಿದ ಮೂವರಿಗೆ ಸೋಲು. ‘ಅಣ್ಣ, ಒಂದ್ ಆಟ ಮುಗ್ಸ್ಕಂಡ್ ಬತ್ತೆ’ ಎಂದು ಹುಡುಗ ಕೂಗುವುದೂ, ಗಲ್ಲಾದಿಂದ ಬೈಗುಳ ಬರುವುದೂ ಇದರಿಂದಲೇ. ಚಿಕ್ಕ ಆಟವನ್ನು ಹೇಳಿದ ವೇಳೆಗೆ ಮುಗಿಸಿ ಏಳಬಹುದು. ಆ ನಾಲ್ವರಲ್ಲಿ ಒಬ್ಬ ಮುಂಬಯಿಯ ಕ್ಯಾಂಟೀನಿನಲ್ಲಿರುತ್ತಾನೆ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಊರಲ್ಲೇ ಇರುತ್ತಾನೆ. ಆಡುತ್ತಲೇ ಮಳೆ ಬಂತೇ, ನೇಜಿ ಮುಗಿಯಿತೇ, ಅಮ್ಮನ ಕಾಲುನೋವು ಹೇಗಿದೆ ಎಂದು ನಮ್ಮ ಭಾಷೆಯಲ್ಲಿ ಕೇಳಿಕೊಳ್ಳುತ್ತಾರೆ. ಈ ಲಾಭವನ್ನು ವಿಮರ್ಶಕರು ತಮ್ಮ ಲೆಕ್ಕಕ್ಕೆ ಹಿಡಿದೇ ಇಲ್ಲ.

ವಿಮರ್ಶಕರು ನಿಜವಾಗಿ ಬರೆಯಬೇಕಾದ ವಿಷಯ ಬೇರೆ ಇತ್ತು. ಆಟ ಪುಕ್ಕಟೆಯಾದರೂ ಅದರೊಳಗೆ ಅಂಗಡಿಯುಂಟು. ಬಂದೂಕಿಗೆ ಬಣ್ಣ, ಗೊಂಬೆಗೆ ಅಂಗಿ, ಎಲ್ಲಕ್ಕೂ ಬೆಲೆ. ಕೆಲವು ಪೆಟ್ಟಿಗೆಗಳಲ್ಲಿ ಏನಿದೆಯೆಂದು ತಿಳಿಯುವುದು ಹಣ ಕೊಟ್ಟು ತೆರೆದ ಮೇಲೆಯೇ. ಇದಕ್ಕೂ ಲಾಟರಿಗೂ ಎಷ್ಟು ದೂರ? ಹಣ ಕಟ್ಟಿ ಆಡುವ ರಮ್ಮಿ ಮೊದಲಾದವುಗಳನ್ನು ತೆಲಂಗಾಣ ಸರಕಾರ 2017ರಲ್ಲಿಯೇ ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅಂತಹ ಕಾನೂನು ಮಾಡಿತು. ಕಾನೂನು ಬರುವ ಮೊದಲೇ ಊರಿಗೆ ಕಳುಹಿಸಬೇಕಾದ ಸಂಬಳ ಕಳೆದುಕೊಂಡವರನ್ನು ನಾವು ಬಲ್ಲೆವು. ಕೆಲಸಗಾರನ ಮನೆ ಕೆಡುವುದು ಹಣದಿಂದ, ದ್ವೀಪದ ಅಳತೆಯಿಂದಲ್ಲ. ಬಣ್ಣದ ಅಂಗಿಯ ಅಂದವನ್ನು ಹೊಗಳಿ, ಬೆಲೆಯ ವಿಷಯದಲ್ಲಿ ಬಾಯಿ ಮುಚ್ಚಿ, ಎಂಟು ನಿಮಿಷದ ಮೇಲೆ ಮಾತ್ರ ಕೋಪ ತೋರಿಸಿದ್ದು ನಮಗೆ ಸರಿಕಾಣಲಿಲ್ಲ.

1886ರ ಮೇ ತಿಂಗಳಲ್ಲಿ ಚಿಕಾಗೋ ನಗರದ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಹೋರಾಡಿದಾಗ, ನಿದ್ರೆಯನ್ನು ಮಾತ್ರ ಕೇಳಲಿಲ್ಲ. ತಮ್ಮ ಇಷ್ಟದಂತೆ ಕಳೆಯುವ ವೇಳೆಯನ್ನೂ ಕೇಳಿದರು. ಆ ವೇಳೆ ನಮಗೆ ದಕ್ಕಿದ ದಿನ ನಾವೂ ದೊಡ್ಡ ದ್ವೀಪದಲ್ಲಿ ನಿಧಾನವಾಗಿ ಆಡಿಯೇವು, ಪುಸ್ತಕ ಓದಿಯೇವು, ಬೆಳಗಿನವರೆಗೆ ಯಕ್ಷಗಾನ ನೋಡಿಯೇವು. ಅಲ್ಲಿಯವರೆಗೆ ಚಿಕ್ಕ ಆಟವೇ ನಮ್ಮ ಪಾಲಿನದು. ಅದನ್ನು ಆಡುವವರನ್ನು ಕೀಳಾಗಿ ಕಾಣುವುದು ಬೇಡ.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗುವಾಗ ಹತ್ತು ಗಂಟೆಯ ಮೇಲೆ ಫೋನಿನ ಸದ್ದು ಬೇಡ. ಬಿಡುವಿನಲ್ಲಿ ಎರಡೇ ಆಟವೆಂದು ನಾಲ್ವರು ಸೇರಿ ಮೊದಲೇ ಮಾತು ಮಾಡಿಕೊಳ್ಳಿರಿ. ಪೆಟ್ಟಿಗೆ ತೆರೆಯಲು ಒಂದು ಪೈಸೆಯನ್ನೂ ಕೊಡಬೇಡಿರಿ. ಮಧ್ಯಾಹ್ನದ ಬಿಡುವು ಒಂದು ಗಂಟೆ ಸಾಲದು, ಎರಡು ಗಂಟೆ ಬೇಕು; ಆ ವೇಳೆಯಲ್ಲಿ ಪಾರ್ಸೆಲಿಗೂ ಪಾತ್ರೆಗೂ ಕರೆಯಕೂಡದು. ಈ ಬೇಡಿಕೆಯನ್ನು ಮಾಲೀಕರ ಮುಂದಿಡಲು ಸಂಘದ ಮುಂದಿನ ಸಭೆಗೆ ಎಲ್ಲರೂ ತಪ್ಪದೆ ಬನ್ನಿರಿ.