ಜಾಲತಾಣ ಯಾರಿಗಾಗಿ?

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನವರಿಗೆ ಶಿವನಸಮುದ್ರದ ವಿದ್ಯುದಾಗಾರದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿಯ ಕೆಳಗಿದ್ದ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ಕಾಲದ ನಂತರ. ನಾನು ಸದಸ್ಯನಾಗಿರುವ ಪುಟ್ಟ ಸೇವಾಸಂಘವೊಂದು ತನ್ನ ಜಾಲತಾಣವನ್ನು ಹೊಸದಾಗಿ ರೂಪಿಸಲು ಸಭೆ ಸೇರಿದ್ದಾಗ ಈ ಹಳೆಯ ಸಂಗತಿ ನನ್ನನ್ನು ಬಿಡದೆ ಕಾಡಿತು.

ಸಭೆಯ ಮುಂದಿಟ್ಟ ಮಾದರಿ ಕಣ್ಣಿಗೆ ಸೊಗಸಾಗಿತ್ತು, ಸುಳ್ಳೇಕೆ? ಸರಿದು ಹೋಗುವ ದೊಡ್ಡ ಚಿತ್ರಗಳು, ಬರಿಗಾಲಿನ ಮಕ್ಕಳ ಮುಖಗಳು, ಮೇಲೆ ದಾನದ ಗುಂಡಿ. ಬರಹವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದದ್ದು ಸಂಘದ ಹೆಸರು ಮಾತ್ರ. ಅದೂ ಅಕ್ಷರವಾಗಿ ಅಲ್ಲ, ಚಿತ್ರವಾಗಿ. ವಿಧವಾ ವೇತನದ ಅರ್ಜಿ ಬರೆಸಲು ಬರುವ ತಾಯಿಗೆ, ಮಗನ ವಿದ್ಯಾರ್ಥಿವೇತನಕ್ಕೆ ಯಾವ ದಾಖಲೆ ತರಬೇಕೆಂದು ಕೇಳುವ ತಂದೆಗೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಕಚೇರಿ ತೆರೆದಿರುವ ವಾರಗಳೂ ಇರಲಿಲ್ಲ!

“ದಾನಿಗಳು ಕನ್ನಡ ಓದುವುದಿಲ್ಲ, ಹಳ್ಳಿಯವರು ಜಾಲತಾಣ ನೋಡುವುದಿಲ್ಲ” ಎಂಬ ಉತ್ತರ ಬಂತು. ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ. ದಾನಿಗಳಿಗಾಗಿ ಇಂಗ್ಲಿಷಿನ ಪುಟವೊಂದು ಇರಲಿ. ಎರಡನೆಯದನ್ನು ನಾನು ಒಪ್ಪಲಾರೆ. ಇಂದು ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಳಿತವರ ಕೈಯಲ್ಲೂ ಮೊಬೈಲಿದೆ. ಅವರಿಗೆ ಬೇಕಾದುದನ್ನು ಬರೆಯದೆ ಇದ್ದು, ಅವರು ಓದುವುದಿಲ್ಲವೆಂದು ದೂರುವುದು ಯಾವ ನ್ಯಾಯ?

ಕನ್ನಡವನ್ನು ಚಿತ್ರವಾಗಿಸುವ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಆಗ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಅಕ್ಷರ ಸಂಕೇತ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತು. ಕನ್ನಡ ವಿಕಿಪೀಡಿಯ 2003ರಿಂದ ನಡೆದಿರುವುದು ಆ ಅಕ್ಷರಗಳಿಂದಲೇ. ಚಿತ್ರದೊಳಗೆ ಹುದುಗಿದ ಅಕ್ಷರವನ್ನು ಹುಡುಕುವವರು ಸುಲಭವಾಗಿ ಕಾಣಲಾರರು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವೂ ಅದರ ಮುಂದೆ ಮೂಕವಾಗುತ್ತದೆ. ಅಂಗವಿಕಲರ ಸೇವೆಯನ್ನೂ ತನ್ನ ಧ್ಯೇಯಗಳಲ್ಲಿ ಸೇರಿಸಿಕೊಂಡ ಸಂಘಕ್ಕೆ ಇದು ಸಣ್ಣ ಲೋಪವಲ್ಲ.

ಆ ಮಕ್ಕಳ ಚಿತ್ರಗಳ ಬಗ್ಗೆಯೂ ಒಂದು ಮಾತು. ಅವರ ತಂದೆತಾಯಿಯರನ್ನು ಯಾರು ಕೇಳಿದರು? ನಾಳೆ ಕಾಲೇಜಿಗೆ ಹೋಗುವ ಹುಡುಗಿ ತನ್ನ ಬಡತನದ ಮುಖವನ್ನು ಸಹಪಾಠಿಯ ಮೊಬೈಲಿನಲ್ಲಿ ಕಂಡರೆ ನಾವು ಏನು ಹೇಳೋಣ? ದಾನಿಗೆ ತೋರಿಸಬೇಕಾದುದು ಮಕ್ಕಳ ಹರಿದ ಅಂಗಿಯಲ್ಲ, ನಮ್ಮ ಲೆಕ್ಕ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಲೆಕ್ಕಪರಿಶೋಧನೆಯಾದ ಪಟ್ಟಿಯನ್ನು ತಮ್ಮ ಜಾಲತಾಣದಲ್ಲೋ ಸರ್ಕಾರ ಸೂಚಿಸಿದ ತಾಣದಲ್ಲೋ ಪ್ರಕಟಿಸಬೇಕೆಂಬ ನಿಯಮವೇ ಇದೆ. ಊರಿನ ಹತ್ತು ರೂಪಾಯಿಯ ದಾನಿಗೆ ಅಷ್ಟು ಗೌರವ ಸಲ್ಲಬಾರದೇಕೆ?

ನಮ್ಮ ಹಿಂದಿನ ತಾಣ ಹೇಗೆ ಮುಚ್ಚಿತೆಂಬುದನ್ನು ಮಾತ್ರ ಸಭೆಯಲ್ಲಿ ಯಾರೂ ಎತ್ತಲಿಲ್ಲ. ತಾಣದ ಹೆಸರನ್ನು ಉತ್ಸಾಹಿ ತರುಣನೊಬ್ಬ ತನ್ನ ಸ್ವಂತ ಇಮೇಲ್ ವಿಳಾಸದಲ್ಲಿ ನೋಂದಾಯಿಸಿದ್ದ. ಆತ ಕೆಲಸ ಹುಡುಕಿಕೊಂಡು ಊರು ಬಿಟ್ಟ. ನವೀಕರಣದ ಸೂಚನೆಗಳು ಆ ವಿಳಾಸಕ್ಕೇ ಹೋದವು. ಗಡುವು ಮುಗಿದು ಹೆಸರೇ ನಮ್ಮ ಕೈತಪ್ಪಿತು. ತಪ್ಪು ಅವನದಲ್ಲ, ಕೇಳದೆ ಕುಳಿತ ನಮ್ಮದು. ಈ ಬಾರಿ ನೋಂದಣಿ ಸಂಘದ ಹೆಸರಿನಲ್ಲಿರಲಿ, ಗುಪ್ತಪದ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ, ನವೀಕರಣದ ಹಣ ಪ್ರತಿ ವರ್ಷದ ಅಂದಾಜುಪತ್ರದಲ್ಲಿ ಸೇರಲಿ.

ಮುಂದಿನ ತಿಂಗಳು ಹಣ ಮಂಜೂರಾತಿಗೆ ಬರಲಿದೆ. ಅದಕ್ಕೆ ಮುಂಚೆ ಆ ಮಾದರಿಯನ್ನು ಪಟ್ಟಣದ ದೊಡ್ಡ ಪರದೆಯ ಮೇಲಲ್ಲ, ನಮ್ಮ ಕಚೇರಿಯ ಜಗಲಿಯಲ್ಲಿ ಕಾದು ಕುಳಿತಿರುವ ಯಾವುದಾದರೂ ತಾಯಿಯ ಹಳೆಯ ಮೊಬೈಲಿನಲ್ಲಿ ತೆರೆಯೋಣ. ಕಚೇರಿ ಯಾವ ವಾರ ತೆರೆದಿರುತ್ತದೆಂದು ಆಕೆಯೇ ಓದಿ ಹೇಳಿದರೆ ಮೊದಲು ಕೈ ಎತ್ತುವವನು ನಾನು.