ಆಟ ಬಿಟ್ಟ ಮೇಲೂ ಮೈದಾನ ಬಿಡದವರು

1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್ ಫುಟ್ಬಾಲ್ ಟೂರ್ನಿಯಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಇರಾಕಿನ ಅಲ್ ಜವ್ರಾ ತಂಡವನ್ನು 6–2 ಗೋಲುಗಳಿಂದ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಅಂದು ಹ್ಯಾಟ್ರಿಕ್ ಗೋಲು ಗಳಿಸಿದವರು 22 ವರ್ಷದ ಬೆಂಗಳೂರಿನ ಯುವಕ ಕಾರ್ಲ್ಟನ್ ಚಾಪ್ಮನ್. ಮುನ್ಪಡೆಯವರಿಗೆ ಚೆಂಡು ಒದಗಿಸುವ ಮಧ್ಯಪಡೆಯ ಆಟಗಾರರಾದರೂ, ಸಮಯ ನೋಡಿ ತಾವೇ ನುಗ್ಗಿ ಗೋಲು ಹೊಡೆಯುವ ಚಾಕಚಕ್ಯತೆ ಅವರಲ್ಲಿತ್ತು.

1971ರಲ್ಲಿ ಹುಟ್ಟಿದ ಚಾಪ್ಮನ್ ಹೆಚ್ಚಿನ ತರಬೇತಿ ಪಡೆದದ್ದು ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಯಲ್ಲಿ. 1987ರಲ್ಲಿ ಆರಂಭವಾದ ಆ ಸಂಸ್ಥೆ ಹುಡುಗರನ್ನು ಅಲ್ಲಿಯೇ ಇರಿಸಿಕೊಂಡು ಆಟ ಕಲಿಸುತ್ತದೆ. ಅಲ್ಲಿಂದ ಈಸ್ಟ್ ಬೆಂಗಾಲ್, ಬಳಿಕ ಪಂಜಾಬಿನ ಜೆ.ಸಿ.ಟಿ., ಮುಂದೆ ಎಫ್.ಸಿ. ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 1996–97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆ.ಸಿ.ಟಿ. ತಂಡದಲ್ಲಿ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಜೊತೆ ಚಾಪ್ಮನ್ ಇದ್ದರು. ಭಾರತ ತಂಡದ ನಾಯಕತ್ವವೂ ಅವರಿಗೆ ಒಲಿಯಿತು. 2000–01ರ ರಾಷ್ಟ್ರೀಯ ಲೀಗ್ ಅನ್ನು ಈಸ್ಟ್ ಬೆಂಗಾಲ್ ಗೆದ್ದದ್ದು ಅವರ ನಾಯಕತ್ವದಲ್ಲಿಯೇ.

ಅದೇ 2001ರಲ್ಲಿ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ಆಗ ವಯಸ್ಸು ಕೇವಲ 30. ಬೇರೆ ಉದ್ಯೋಗಗಳಲ್ಲಿ ಮನುಷ್ಯ ಆಗತಾನೇ ನೆಲೆ ಕಂಡುಕೊಳ್ಳುವ ವಯಸ್ಸು ಅದು, ಫುಟ್ಬಾಲಿನಲ್ಲಿ ಸಂಜೆಗತ್ತಲು. ಮಕ್ಕಳು ಆಟದ ಹಿಂದೆ ಬಿದ್ದಾಗ ತಂದೆತಾಯಂದಿರಿಗೆ ಕಾಡುವ ಚಿಂತೆಯೂ ಇದೇ: ಮುಂದೇನು?

ಚಾಪ್ಮನ್ ಆ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡರು. 2002ರಲ್ಲಿ ಅವರು ತಮ್ಮನ್ನು ಬೆಳೆಸಿದ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಮರಳಿದರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ ತಂಡಗಳನ್ನು ತಿದ್ದಿದರು. ಕೋಯಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್ಬಿನಲ್ಲೂ ದುಡಿದರು. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಡಿದ ವರ್ಷಗಳಿಗಿಂತ ಕಲಿಸಿದ ವರ್ಷಗಳೇ ಅವರ ಬಾಳಿನಲ್ಲಿ ಹೆಚ್ಚು.

ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸಲಾರರು. ಗೋಲು ಹೊಡೆಯುವವನ ಕಣ್ಣು ಚೆಂಡು ಮತ್ತು ಗೋಲುಪೆಟ್ಟಿಗೆಯ ಮೇಲಿದ್ದರೆ ಸಾಕು. ತರಬೇತುದಾರನ ಕಣ್ಣು ಚೆಂಡಿಲ್ಲದ ಹತ್ತು ಮಂದಿಯ ಮೇಲೂ ಇರಬೇಕು: ಯಾರು ಎಲ್ಲಿ ನಿಂತಿದ್ದಾರೆ, ಯಾರು ದಣಿದಿದ್ದಾರೆ, ಯಾರನ್ನು ಗದರಬೇಕು, ಯಾರ ಬೆನ್ನು ತಟ್ಟಬೇಕು. ತನಗೆ ಸಹಜವಾಗಿ ಬಂದ ಒದೆತವನ್ನು ಬಾರದ ಹುಡುಗನಿಗೆ ಬಿಡಿಬಿಡಿಸಿ ಹೇಳಬೇಕು. ಇದು ಬೇರೆಯೇ ವಿದ್ಯೆ. ಹೆಸರೂ ಕಡಿಮೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ತರಬೇತುದಾರ ರವಿ ಬಾಬು ರಾಜು ಎಂಬುದು ಎಷ್ಟು ಜನರಿಗೆ ಗೊತ್ತು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಿಗೆ ಬೆಂಗಳೂರಿನ ಫುಟ್ಬಾಲ್ ಕ್ಲಬ್ಬುಗಳು ದೂರ. ಸೈಕಲ್ ಪಟುಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿ ಹೈಸ್ಕೂಲು ಬಯಲಿನ ಆಟವೆಂದರೆ ಹೆಚ್ಚಾಗಿ ಕಬಡ್ಡಿ, ಖೋಖೋ, ವಾಲಿಬಾಲ್. ಆದರೆ ಯಾವ ಆಟವಾದರೂ ಲೆಕ್ಕ ಒಂದೇ: ಆಡುವ ಕಾಲ ಚಿಕ್ಕದು, ಕಲಿಸುವ ಕಾಲ ದೊಡ್ಡದು. ಕಲಿಸುವವನಾಗಲು ಮೆಟ್ಟಿಲುಗಳೂ ಇವೆ. ಪದವಿ ಮುಗಿಸಿದವರು ಬಿ.ಪಿ.ಇಡಿ. ಮಾಡಿ ದೈಹಿಕ ಶಿಕ್ಷಕರ ಹುದ್ದೆಗೆ ಯತ್ನಿಸಬಹುದು. 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಡಿಪ್ಲೊಮಾ ಇದೆ. ಫುಟ್ಬಾಲಿನಲ್ಲಾದರೆ ಡಿ, ಸಿ, ಬಿ, ಎ ಎಂದು ಲೈಸೆನ್ಸುಗಳನ್ನು ಒಂದೊಂದಾಗಿ ಏರಬೇಕು. ಎಲ್ಲ ಕಡೆ ಓದು ಬೇಕು, ಬರವಣಿಗೆ ಬೇಕು. ಆದ್ದರಿಂದ ಆಟಕ್ಕಾಗಿ ಶಾಲೆ ಬಿಡುವುದು ಜಾಣತನವಲ್ಲ. ಅಂಕಗಳಿಗಾಗಿ ಆಟ ಬಿಡಿಸುವುದೂ ಅಲ್ಲ.

ಈ ದಾರಿಯೂ ನುಣುಪಾದದ್ದಲ್ಲ. ಕ್ಲಬ್ಬಿನ ಕೆಲಸ ಸರ್ಕಾರಿ ನೌಕರಿಯಂತೆ ಕಾಯಂ ಅಲ್ಲ; ಭಾರತದ ನಾಯಕರಾಗಿದ್ದ ಚಾಪ್ಮನ್ ಕೂಡ ಊರಿಂದ ಊರಿಗೆ ಹೋಗಬೇಕಾಯಿತು. ಅದನ್ನು ತಿಳಿದೇ ಹೆಜ್ಜೆ ಇಡಬೇಕು. ಆಟದಲ್ಲಿ ಆಸಕ್ತಿ ಇರುವ ಹುಡುಗ ಅಥವಾ ಹುಡುಗಿ ಬರುವ ಬೇಸಿಗೆ ರಜೆಯಲ್ಲಿ ಓಣಿಯ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು ಒಂದು ತಿಂಗಳು ಆಟ ಕಲಿಸಿ ನೋಡಲಿ. ಕಲಿಸುವ ತಾಳ್ಮೆ ಇದೆಯೋ ಇಲ್ಲವೋ ಎಂಬುದು ಮನೆಯವರಿಗೂ ತಿಳಿಯುತ್ತದೆ, ಅವರಿಗೂ ತಿಳಿಯುತ್ತದೆ.